ಅಜ್ಜ-ಅಜ್ಜಿ, ಮಕ್ಕಳ ಜೊತೆ ಕ್ರೂಸ್: ಹಡಗು ಎಲ್ಲಿಂದ ಹತ್ತಿದರೆ ಸುಲಭ?

ಪ್ರಶ್ನೆ: ನಾವು ಶಿರಸಿಯಿಂದ ಸ್ವಲ್ಪ ಒಳಗಿನ ಹಳ್ಳಿಯವರು. ಅಡಿಕೆ ತೋಟ ಇದೆ. ಕೊಯ್ಲು, ಸುಲಿಯುವುದು ಎಲ್ಲ ಮುಗಿದ ಮೇಲೆ ಮಕ್ಕಳ ಬೇಸಿಗೆ ರಜೆಯಲ್ಲಿ ಒಂದು ಕ್ರೂಸ್ ಮಾಡೋಣ ಅಂತ ಮನಸ್ಸಾಗಿದೆ. ಅಪ್ಪನಿಗೆ 72, ಬಿಪಿ ಇದೆ. ಅಮ್ಮನಿಗೆ 67, ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಮಕ್ಕಳಿಗೆ 8 ಮತ್ತು 3 ವರ್ಷ. ಚಿಕ್ಕವಳಿಗೆ ಬಸ್ಸಿನಲ್ಲೇ ವಾಂತಿ. ನಾವೆಲ್ಲ ಸಸ್ಯಾಹಾರಿಗಳು. ಕಾರವಾರದಲ್ಲಿ ಬಂದರು ಇದೆಯಲ್ಲ, ಅಲ್ಲಿಂದ ಹಡಗು ಇಲ್ವಾ? ಗೋವಾ ಹತ್ತಿರ, ಅಲ್ಲಿಂದಲೇ ಹತ್ತಿ ಅನ್ನುತ್ತಾರೆ ಒಬ್ಬರು. ಮುಂಬೈಯಿಂದ ಹೋಗಿ ಅನ್ನುತ್ತಾರೆ ಇನ್ನೊಬ್ಬರು. ಭಾವ ಬೆಂಗಳೂರಲ್ಲಿದ್ದಾನೆ, ಅವನು ಸಿಂಗಾಪುರ ಅನ್ನುತ್ತಾನೆ. ಹಡಗಿನಲ್ಲಿ ಬರೀ ಕುಡಿತ, ಜೂಜು ಅಂತ ಅಮ್ಮನಿಗೆ ಬೇರೆ ಅನುಮಾನ. ಎಲ್ಲಿಂದ ಹೊರಟರೆ ಒಳ್ಳೆಯದು?

ಉತ್ತರ: ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ಹೆಚ್ಚಿನವರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಯಾವ ಹಡಗು, ಎಷ್ಟು ಸ್ವಿಮ್ಮಿಂಗ್ ಪೂಲ್, ಊಟಕ್ಕೆ ಏನೇನು ಅಂತ. ನೀವು ಎಲ್ಲಿಂದ ಹತ್ತಬೇಕು ಅಂತ ಕೇಳಿದ್ದೀರಿ. ಪ್ರಯಾಣಿಕರ ಹಡಗುಗಳ ರಿಸೆಪ್ಷನ್‌ನಲ್ಲಿ ಕೆಲಸ ಮಾಡಿ, ಈಗ ಕಾರವಾರದಲ್ಲಿ ಕೂತು ಟಿಕೆಟ್ ಮಾಡಿಕೊಡುವ ನನ್ನ ಅನುಭವದಲ್ಲಿ, ಮನೆಮಂದಿಯ ಕ್ರೂಸ್ ಕೆಡುವುದು ಸಾಮಾನ್ಯವಾಗಿ ಹಡಗಿನಲ್ಲಲ್ಲ. ಹಡಗಿಗೆ ಹೋಗುವ ದಾರಿಯಲ್ಲಿ, ಇಲ್ಲವೇ ಇಳಿದು ಮನೆಗೆ ಬರುವ ದಾರಿಯಲ್ಲಿ.

ಮೊದಲು ಕಾರವಾರದ ವಿಷಯ. ಬೈತಖೋಲದ ಬಂದರು ನೈಸರ್ಗಿಕ ಬಂದರು, ಹೌದು. ಆದರೆ ಅಲ್ಲಿ ನಡೆಯುವುದು ಸರಕು ಮತ್ತು ಮೀನುಗಾರಿಕೆ. ಪಕ್ಕದಲ್ಲೇ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ. ಕ್ರೂಸ್ ಹತ್ತಲು ಬೇಕಾದ ಪ್ರಯಾಣಿಕರ ಟರ್ಮಿನಲ್ ಅಲ್ಲಿಲ್ಲ. ಮುಂಬೈ ಸ್ಟೀಮರ್ ಬರುತ್ತಿದ್ದ ಕಾಲದ ಕತೆ ನಿಮ್ಮ ಅಪ್ಪ ಕೇಳಿರಬಹುದು. ಅದು ಈಗ ಕತೆ ಮಾತ್ರ. ಮಂಗಳೂರಿನ ಪಣಂಬೂರಿಗೆ ಚಳಿಗಾಲದಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಅವು ಬೆಳಿಗ್ಗೆ ಬಂದು ಸಂಜೆ ಹೋಗುವಂಥವು. ಅವರ ಪ್ರಯಾಣಿಕರು ಇಳಿದು ಊರು ನೋಡಿ ವಾಪಸ್ ಹತ್ತುತ್ತಾರೆ. ನಾವು ನೀವು ಹೋಗಿ ಹತ್ತುವ ಹಾಗಿಲ್ಲ.

ಇಲ್ಲೇ ಒಂದು ವಿಷಯ ತಿಳಿದುಕೊಂಡರೆ ಮುಂದಿನದು ಸುಲಭ. ಬಂದರುಗಳಲ್ಲಿ ಎರಡು ತರಹ. ಹಡಗು ತನ್ನ ಪ್ರಯಾಣ ಶುರು ಮಾಡಿ ಮುಗಿಸುವ ಬಂದರು ಒಂದು. ನಡುವೆ ಕೆಲವು ಗಂಟೆ ನಿಂತು ಹೋಗುವ ಬಂದರು ಇನ್ನೊಂದು. ಮೊದಲನೆಯದರಲ್ಲಿ ಹಡಗು ಹೇಗಿದ್ದರೂ ಬರಲೇಬೇಕು. ಸಾವಿರಾರು ಜನ ಇಳಿಯಬೇಕು, ಸಾವಿರಾರು ಜನ ಹತ್ತಬೇಕು. ಎರಡನೆಯದನ್ನು ಹವಾಮಾನ ಕೆಟ್ಟರೆ ಕ್ಯಾಪ್ಟನ್ ಬಿಟ್ಟು ಮುಂದೆ ಹೋಗಬಹುದು. ಟಿಕೆಟ್ಟಿನ ಷರತ್ತುಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ. ಓದುವವರು ಕಡಿಮೆ, ಅಷ್ಟೆ.

ಈಗ ಗೋವಾ. 'ಹತ್ತಿರದ ಬಂದರೇ ಒಳ್ಳೆಯ ಬಂದರು' ಅನ್ನುವುದು ಅರ್ಧ ಸತ್ಯ. ಗೋವಾದಲ್ಲಿ ಹಡಗು ಬರುವುದು ವಾಸ್ಕೋ ಪಕ್ಕದ ಮುರ್ಮುಗೋವಾ ಬಂದರಿಗೆ. ಕಾರವಾರದಿಂದ ಸುಮಾರು 90 ಕಿಲೋಮೀಟರ್. ನಿಮಗೆ ದೇವಿಮನೆ ಘಾಟಿ ಇಳಿದು, ಅಂಕೋಲಾ ದಾಟಿ, ಕಾಳಿ ಸೇತುವೆ ದಾಟಿ ಹೋಗಬೇಕು. ಒಂದು ಕಾರು ಮಾಡಿಕೊಂಡರೆ ಮನೆಯಂಗಳದಿಂದ ಬಂದರಿನ ಗೇಟಿನವರೆಗೆ ಇಳಿಯುವುದು, ಹತ್ತುವುದು ಇಲ್ಲ. ಮಂಡಿ ನೋವಿನವರಿಗೆ ಇದು ಸಣ್ಣ ಅನುಕೂಲವಲ್ಲ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗಿನ ಕೆಲವು ಪ್ರಯಾಣಗಳಲ್ಲಿ ಗೋವಾದಲ್ಲಿ ಹತ್ತಿ ಮುಂಬೈಯಲ್ಲಿ ಇಳಿಯುವ ಟಿಕೆಟ್ ಸಿಗುತ್ತದೆ. ಒಂದು ರಾತ್ರಿಯ ಪ್ರಯಾಣ. ಮೊದಲ ಸಲ ಹೋಗುವವರಿಗೆ ರುಚಿ ನೋಡಲು ಸಾಕು.

ಆದರೆ ಗೋವಾ ಆ ಹಡಗಿಗೆ ನಡುವಿನ ಬಂದರು. ಮನೆ ಬಂದರು ಮುಂಬೈ. ಹವಾಮಾನ ಕೆಟ್ಟು ಗೋವಾ ಬಿಟ್ಟುಹೋದರೆ, ಮುಂಬೈಯಲ್ಲಿ ಹತ್ತಿದವರಿಗೆ ಒಂದು ಊರು ನೋಡುವುದು ತಪ್ಪುತ್ತದೆ. ಗೋವಾದಲ್ಲಿ ಕಾಯುತ್ತಿರುವ ನಿಮಗೆ ಪ್ರವಾಸವೇ ತಪ್ಪುತ್ತದೆ. ದುಡ್ಡು ವಾಪಸ್ ಬರಬಹುದು. ಮುಂಬೈಯಿಂದ ಬರಲು ಮಾಡಿದ ರೈಲು ಟಿಕೆಟ್, ಹೋಟೆಲು, ಮೂರು ವರ್ಷದ ಮಗುವಿನ ಅಳು ಇವುಗಳ ಲೆಕ್ಕ ಯಾರೂ ಕೊಡುವುದಿಲ್ಲ. ಜೊತೆಗೆ ಒಳ್ಳೆಯ ಕೋಣೆಗಳನ್ನು ಪೂರ್ತಿ ಪ್ರಯಾಣದವರು ಮೊದಲೇ ಹಿಡಿದಿರುತ್ತಾರೆ. ನಿಮಗೆ ಉಳಿದದ್ದು.

ಹಾಗಾದರೆ ಗೋವಾ ಬೇಡವಾ? ತಿಂಗಳು ನೋಡಿ ಹೇಳಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಅರಬ್ಬಿ ಸಮುದ್ರ ಶಾಂತ. ಆಗ ಹಡಗು ಗೋವಾಕ್ಕೆ ಬರದೆ ಮುಂದೆ ಹೋಗುವ ಸಂಭವ ತೀರಾ ಕಡಿಮೆ. ಏಪ್ರಿಲ್ ಕೂಡ ಪರವಾಗಿಲ್ಲ. ಮೇ ಅರ್ಧ ಕಳೆದ ಮೇಲೆ ಕತೆ ಬೇರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋದದ್ದು ಮರೆತಿಲ್ಲ ಅಲ್ವಾ? ಜೂನ್ ಬಂತೆಂದರೆ ಬೈತಖೋಲದ ಟ್ರಾಲರ್‌ಗಳು ಎರಡು ತಿಂಗಳು ಲಂಗರು ಹಾಕುತ್ತವೆ. ಎಂಪ್ರೆಸ್ ಹಡಗೂ ಮಳೆಗಾಲದಲ್ಲಿ ಪಶ್ಚಿಮ ಕರಾವಳಿ ಬಿಟ್ಟು ಚೆನ್ನೈ ಕಡೆಗೆ ಹೋಗುತ್ತದೆ. ನಿಮ್ಮ ಊರಿನಿಂದ ಚೆನ್ನೈ ದೂರ. ಅದನ್ನು ಇಲ್ಲಿಗೇ ಬಿಡೋಣ.

ಮುಂಬೈಗೆ ಬರೋಣ. ನಿಜ ಹೇಳಬೇಕೆಂದರೆ, ಬೇಸಿಗೆ ರಜೆಗೆ ನಿಮ್ಮಂಥ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಅಲ್ಲಿ ಹತ್ತಿ, ಅಲ್ಲೇ ಇಳಿಯಿರಿ. ಎರಡು ಅಥವಾ ಮೂರು ರಾತ್ರಿಯ ಪ್ರಯಾಣ ಸಾಕು. ಕುಮಟಾದಲ್ಲಿ ಸಂಜೆ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಿಗ್ಗೆ ಕುರ್ಲಾದ ಎಲ್‌ಟಿಟಿ ನಿಲ್ದಾಣ. ಮಕ್ಕಳು ಮಲಗಿರುವಾಗಲೇ ದಾರಿ ಮುಗಿಯುತ್ತದೆ. ಆದರೆ ಅದೇ ದಿನ ಹಡಗು ಹತ್ತುವ ಪ್ಲಾನ್ ಮಾತ್ರ ಬೇಡ. ಹಡಗು ಹೊರಡುವ ಒಂದು-ಒಂದೂವರೆ ಗಂಟೆ ಮೊದಲೇ ಚೆಕ್-ಇನ್ ಮುಚ್ಚುತ್ತಾರೆ. ಒಮ್ಮೆ ಪ್ರಯಾಣಿಕರ ಪಟ್ಟಿ ಬಂದರು ಕಚೇರಿಗೆ ಹೋದ ಮೇಲೆ ಯಾರು ಕೈಮುಗಿದರೂ ಗೇಟು ತೆರೆಯುವುದಿಲ್ಲ. ಟ್ಯಾಕ್ಸಿಯಿಂದ ಇಳಿದು ಓಡಿ ಬರುವ ಸಂಸಾರಗಳನ್ನು ಡೆಕ್ ಮೇಲೆ ನಿಂತು ನೋಡಿದ್ದೇನೆ. ಅಷ್ಟು ಹೊತ್ತಿಗೆ ಏಣಿ ಎತ್ತಿರುತ್ತಾರೆ.

ಒಂದು ದಿನ ಮೊದಲೇ ಹೋಗಿ ಫೋರ್ಟ್ ಅಥವಾ ಕೊಲಾಬಾ ಕಡೆ ಉಳಿಯಿರಿ. ಟರ್ಮಿನಲ್ ಇರುವುದು ಬಲ್ಲಾರ್ಡ್ ಪಿಯರ್ ಹತ್ತಿರ, ದಕ್ಷಿಣ ಮುಂಬೈಯ ತುದಿಯಲ್ಲಿ. ಅಗ್ಗ ಅಂತ ಅಂಧೇರಿಯಲ್ಲಿ ರೂಮು ಮಾಡಿದರೆ ಮರುದಿನ ಬೆಳಿಗ್ಗೆ ಟ್ರಾಫಿಕ್‌ನಲ್ಲಿ ಉಳಿಸಿದ ದುಡ್ಡಿಗೆ ಎರಡರಷ್ಟು ಟೆನ್ಷನ್. ಸಿಕ್ಕ ಅರ್ಧ ದಿನದಲ್ಲಿ ಭಾಯಖಳಾದ ರಾಣಿಬಾಗ್ ಮೃಗಾಲಯಕ್ಕೆ ಹೋಗಿ. ಅಲ್ಲಿ ಪೆಂಗ್ವಿನ್ ಇವೆ, ಮಕ್ಕಳು ಹಡಗನ್ನೇ ಮರೆತರೂ ಆಶ್ಚರ್ಯವಿಲ್ಲ. ಬುಧವಾರ ಮಾತ್ರ ರಜೆ. ಊಟದ ಚಿಂತೆ ಇದ್ದರೆ ಮಾಟುಂಗದ ಉಡುಪಿ ಹೋಟೆಲುಗಳಿವೆ. ಅಮ್ಮನಿಗೆ ಅನ್ನ-ಸಾರು ಸಿಗುತ್ತದೆ.

ಮುಂಬೈಯ ನಿಜವಾದ ತೊಂದರೆ ವಾಪಸ್ ಬರುವಾಗ. ಏಪ್ರಿಲ್-ಮೇ ಅಂದರೆ ಮುಂಬೈಯಲ್ಲಿರುವ ನಮ್ಮವರೆಲ್ಲ ಊರಿಗೆ ಬರುವ ಸಮಯ. ಹೋಗುವ ಟಿಕೆಟ್ ಸಿಕ್ಕರೂ ಬರುವ ಟಿಕೆಟ್ ವೇಟಿಂಗ್ ಲಿಸ್ಟ್. ರೈಲ್ವೆ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಆ ದಿನ ಬೆಳಿಗ್ಗೆಯೇ ಕೂತು ಮಾಡಿ. ಇನ್ನೊಂದು ಉಪಾಯ: ಅಪ್ಪ-ಅಮ್ಮನ ಟಿಕೆಟ್ಟನ್ನು ಬೇರೆಯಾಗಿ ತೆಗೆಯಿರಿ. ಹಿರಿಯರ ಲೋವರ್ ಬರ್ತ್ ಕೋಟಾ ಒಬ್ಬರೋ ಇಬ್ಬರೋ ಇರುವ ಟಿಕೆಟ್ಟಿಗೆ ಮಾತ್ರ. ಆರೂ ಜನರದ್ದು ಒಂದೇ ಟಿಕೆಟ್ ಮಾಡಿದರೆ ಅದು ಸಿಗುವುದಿಲ್ಲ. ಅಮ್ಮ ಅಪ್ಪರ್ ಬರ್ತ್ ಕೆಳಗೆ ನಿಂತು ಟಿಟಿಇ ಮುಖ ನೋಡುವ ಹಾಗಾಗುತ್ತದೆ.

ದಸರಾ ರಜೆಗೆ ಹೋಗೋಣ ಅಂತ ಮನಸ್ಸು ಬದಲಿಸಿದರೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಕೊಂಕಣ ರೈಲಿಗೆ ಬೇರೆಯೇ ವೇಳಾಪಟ್ಟಿ, ನಿಧಾನ ಓಡುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು, ಅದೇ ತಿಂಗಳು ಗೋವಾದ ಪೆಡ್ಣೆ ಸುರಂಗಕ್ಕೆ ನೀರು ನುಗ್ಗಿ ರೈಲು ನಿಂತದ್ದು, ಆಗಸ್ಟ್ 7ರಂದು ಹಳೆಯ ಕಾಳಿ ಸೇತುವೆ ಬಿದ್ದದ್ದು, ಎಲ್ಲ ಒಂದೇ ಮಳೆಗಾಲದ್ದು. ಮಳೆ ಪೂರ್ತಿ ಬಿಡುವ ಮೊದಲು ಹೊರಡುವುದಾದರೆ ನಮ್ಮ ಜಿಲ್ಲೆಯವರು ಒಂದಲ್ಲ, ಎರಡು ದಿನ ಕೈಯಲ್ಲಿಟ್ಟುಕೊಳ್ಳಬೇಕು. ಅಥವಾ ಹುಬ್ಬಳ್ಳಿಗೆ ಹೋಗಿ ವಿಮಾನ. ಏಪ್ರಿಲ್‌ನಲ್ಲಿ ಈ ತಲೆಬಿಸಿ ಇಲ್ಲ.

ಕೊಚ್ಚಿಯನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಲಿಂಗ್ಡನ್ ದ್ವೀಪದಲ್ಲಿ 2021ರಲ್ಲಿ ಶುರುವಾದ ಸಾಗರಿಕಾ ಟರ್ಮಿನಲ್ ಚೆನ್ನಾಗಿದೆ. ಊರು ಮಕ್ಕಳಿಗೂ ಹಿರಿಯರಿಗೂ ಹೇಳಿ ಮಾಡಿಸಿದ ಹಾಗಿದೆ. ವಾಟರ್ ಮೆಟ್ರೋದಲ್ಲಿ ಒಂದು ಸುತ್ತು ಹೋದರೆ ಅಮ್ಮನೂ ಮೆಟ್ಟಿಲು ಹತ್ತದೆ ದೋಣಿ ಪ್ರಯಾಣ ಮಾಡಬಹುದು. ಕಾರವಾರದಿಂದ ನೇತ್ರಾವತಿ ರೈಲಿದೆ. ಆದರೆ ಅಲ್ಲಿಂದ ಶುರುವಾಗುವ ಪ್ರಯಾಣಗಳು ಕಡಿಮೆ, ನಿಮ್ಮ ರಜೆಯ ತಾರೀಕಿಗೆ ಹೊಂದಿದರೆ ಅದೃಷ್ಟ. ಲಕ್ಷದ್ವೀಪ ಸೇರಿರುವ ಪ್ಯಾಕೇಜ್ ತೋರಿಸಿದರೆ ಸ್ವಲ್ಪ ತಡೆಯಿರಿ. ಅಲ್ಲಿ ಅಷ್ಟು ದೊಡ್ಡ ಹಡಗು ತಾಗುವ ದಕ್ಕೆ ಇಲ್ಲ. ಹಡಗು ದೂರ ನಿಲ್ಲುತ್ತದೆ, ಸಣ್ಣ ಬೋಟಿನಲ್ಲಿ ದಡಕ್ಕೆ ಹೋಗಬೇಕು. ಬೋಟು ಅಲೆಯ ಮೇಲೆ ಏಳುತ್ತಾ ಇಳಿಯುತ್ತಾ ಇರುತ್ತದೆ. ಅದು ಮೇಲೆ ಬಂದ ಕ್ಷಣಕ್ಕೆ ಸಿಬ್ಬಂದಿ ಎರಡೂ ಕೈ ಹಿಡಿದು 'ಈಗ' ಅನ್ನುತ್ತಾರೆ, ಆಗ ಕಾಲಿಡಬೇಕು. ನಿಮ್ಮ ಅಮ್ಮನ ಮಂಡಿಗೆ ಇದು ಬೇಡ. ಅವರು ಹಡಗಲ್ಲೇ ಉಳಿಯುತ್ತೇನೆ ಅಂದರೆ ಬೇರೆ ಮಾತು. ಅಲೆ ಜಾಸ್ತಿಯಾದರೆ ಯಾರನ್ನೂ ಇಳಿಸುವುದಿಲ್ಲ.

ನಿಮ್ಮ ಭಾವನ ಸಿಂಗಾಪುರ ಕೆಟ್ಟ ಸಲಹೆಯೇನಲ್ಲ. ಸಮಭಾಜಕದ ಹತ್ತಿರ ಇರುವುದರಿಂದ ಅಲ್ಲಿ ಚಂಡಮಾರುತದ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಮಲಕ್ಕಾ ಜಲಸಂಧಿಯಲ್ಲಿ ಅಲೆಯೂ ಕಡಿಮೆ. ವರ್ಷವಿಡೀ ಹಡಗುಗಳು ಹೊರಡುತ್ತವೆ. ಬೆಂಗಳೂರಿನಿಂದ ನೇರ ವಿಮಾನ, ನಾಲ್ಕೂವರೆ ಗಂಟೆ ಚಿಲ್ಲರೆ. ವಿಮಾನ ನಿಲ್ದಾಣದಲ್ಲಿ ವ್ಹೀಲ್‌ಚೇರ್ ಕೇಳಿದರೆ ಅಮ್ಮ ನಡೆಯುವುದೇ ಇಲ್ಲ. ಮಕ್ಕಳಿಗೆ ಅಂತ ಮಾಡಿದ ದೊಡ್ಡ ಹಡಗುಗಳು ಅಲ್ಲಿವೆ. ನನ್ನ ಅಡ್ಡಿ ಬೇರೆ. ಆರು ಪಾಸ್‌ಪೋರ್ಟ್, ವೀಸಾ, ಅದರ ಮೇಲೆ ಟಿಸಿಎಸ್, ಅಂದರೆ ವಿದೇಶ ಪ್ರವಾಸದ ದುಡ್ಡು ಕಟ್ಟುವಾಗಲೇ ಹಿಡಿಯುವ ತೆರಿಗೆ. ಹಡಗಿನ ಡಾಕ್ಟರ್ ಬಿಲ್ಲು ಡಾಲರಿನಲ್ಲಿ, ನಮ್ಮ ಸಾಮಾನ್ಯ ಆರೋಗ್ಯ ವಿಮೆ ಅಲ್ಲಿ ನಡೆಯುವುದಿಲ್ಲ. ಕ್ರೂಸ್ ಸೇರಿದ ಪ್ರಯಾಣ ವಿಮೆಯನ್ನೇ ತೆಗೆಯಬೇಕು, ಅದರಲ್ಲಿ ಅಪ್ಪನ ಬಿಪಿ ಮುಚ್ಚಿಡದೆ ಬರೆಯಬೇಕು. ಹಡಗು ಮಲೇಷ್ಯಾಕ್ಕೆ ಹೋಗಿ ಮತ್ತೆ ಸಿಂಗಾಪುರಕ್ಕೆ ಬರುವುದರಿಂದ ಎರಡು ಸಲ ಒಳಬರಲು ಆಗುವ ವೀಸಾ ಇದೆಯೋ ನೋಡಿಕೊಳ್ಳಬೇಕು. ಅಪ್ಪನಿಗೆ ಕವಳದ (ಎಲೆ-ಅಡಿಕೆ, ಹೊಗೆಸೊಪ್ಪು) ಅಭ್ಯಾಸ ಇದ್ದರೆ ಅದನ್ನೂ ಹೇಳಬೇಕು: ಸಿಂಗಾಪುರಕ್ಕೆ ಹೊಗೆಸೊಪ್ಪು ಒಯ್ಯುವ ಹಾಗಿಲ್ಲ. ದುಬೈ ಇನ್ನೂ ಬಿಗಿ, ಅಲ್ಲಿ ವೀಳ್ಯದೆಲೆಯೂ ನಿಷೇಧ. ನಮ್ಮ ಕಡೆಯ ಹಿರಿಯರಿಗೆ ಇದು ವೀಸಾಕ್ಕಿಂತ ದೊಡ್ಡ ಸಮಸ್ಯೆ. ಅದಕ್ಕೇ ನನ್ನ ಮಾತು: ಮೊದಲು ಇಲ್ಲಿ ಎರಡು ರಾತ್ರಿ ಹೋಗಿ ಬನ್ನಿ. ಎಲ್ಲರಿಗೂ ಹಿಡಿಸಿದರೆ ಸಿಂಗಾಪುರ ಎಲ್ಲಿಗೂ ಓಡಿಹೋಗುವುದಿಲ್ಲ.

ಚಿಕ್ಕವಳ ವಾಂತಿಯ ವಿಷಯ. ಘಾಟಿಯಲ್ಲಿ ಆಗುವುದೂ ಹಡಗಿನಲ್ಲಿ ಆಗುವುದೂ ಒಂದೇ ಕಾಯಿಲೆ. ಒಳಕಿವಿ 'ಅಲುಗಾಡುತ್ತಿದೆ' ಅನ್ನುತ್ತದೆ, ಕಣ್ಣು 'ಇಲ್ಲ' ಅನ್ನುತ್ತದೆ, ತಲೆಗೆ ಗೊಂದಲ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ, ಎರಡರಿಂದ ಹನ್ನೆರಡರವರೆಗೆ ಜಾಸ್ತಿ. ಹಾಗೆಂದು ದೇವಿಮನೆ ಘಾಟಿಯಲ್ಲಿ ವಾಂತಿ ಮಾಡಿದವಳು ಹಡಗಿನಲ್ಲೂ ಮಾಡೇ ಮಾಡುತ್ತಾಳೆ ಅಂತೇನಿಲ್ಲ. ಶಾಂತ ಸಮುದ್ರದಲ್ಲಿ ಹಡಗು ಘಾಟಿ ಬಸ್ಸಿಗಿಂತ ಎಷ್ಟೋ ವಾಸಿ. ದೊಡ್ಡ ಹಡಗು ಅಲುಗಾಡುವುದೇ ಇಲ್ಲ ಅನ್ನುವುದೂ ಸುಳ್ಳು. ಪಕ್ಕಕ್ಕೆ ತೂಗುವುದನ್ನು ಹಡಗಿನ ಬದಿಯಲ್ಲಿ ರೆಕ್ಕೆಯ ಹಾಗೆ ಇರುವ ಸ್ಟೆಬಿಲೈಜರ್‌ಗಳು ಕಡಿಮೆ ಮಾಡುತ್ತವೆ. ಮುಂದೆ-ಹಿಂದೆ ಏರಿಳಿಯುವುದನ್ನು ಅವು ತಡೆಯುವುದಿಲ್ಲ. ಹಾಗಾಗಿ ಕೋಣೆ ಹಡಗಿನ ಮಧ್ಯದಲ್ಲಿ, ಕೆಳಗಿನ ಡೆಕ್‌ನಲ್ಲಿ ಇರಲಿ. ಎತ್ತರದ ಡೆಕ್, ತುದಿಯ ಕೋಣೆ ಬೇಡ. ಕಿಟಕಿ ಇರುವ ಕೋಣೆಯನ್ನೇ ಕೇಳಿ. ದಿಗಂತ ಕಂಡರೆ ಹೊಟ್ಟೆ ಶಾಂತವಾಗುತ್ತದೆ. ಕಿಟಕಿಯಿಲ್ಲದ ಕೋಣೆ ಅಗ್ಗ, ಆದರೆ ಒಳಗೆ ಹಗಲು-ರಾತ್ರಿ ಗೊತ್ತಾಗದೆ ಹಿರಿಯರು ನಡುರಾತ್ರಿ ಎದ್ದು ಕೂರುತ್ತಾರೆ. ಮಾತ್ರೆಯನ್ನು ಹಡಗು ಹೊರಡುವ ಮೊದಲೇ ಕೊಡಬೇಕು, ಮಗುವಿನ ತೂಕ ನೋಡಿ ಮಕ್ಕಳ ಡಾಕ್ಟರೇ ಹೇಳಬೇಕು. ಅಪ್ಪನಿಗೆ ಪ್ರಾಸ್ಟೇಟ್ ಅಥವಾ ಗ್ಲಾಕೋಮಾ ತೊಂದರೆ ಇದ್ದರೆ ಈ ಮಾತ್ರೆಗಳನ್ನು ಸುಮ್ನೆ ಅಂಗಡಿಯಿಂದ ತಂದು ಕೊಡಬೇಡಿ.

ಕುಡಿತ, ಜೂಜು ಇಲ್ಲ ಅಂತ ನಾನು ಹೇಳುವುದಿಲ್ಲ. ಬಾರ್ ಇದೆ, ಕ್ಯಾಸಿನೋ ಇದೆ. ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಅತ್ತ ಹೋಗದವರಿಗೆ ಅವು ಕಣ್ಣಿಗೆ ಬೀಳುವುದೂ ಕಡಿಮೆ. ಆದರೆ ಮುಂಬೈಯಿಂದ ಶುಕ್ರವಾರ-ಶನಿವಾರ ಹೊರಡುವ ಸಣ್ಣ ಪ್ರಯಾಣಗಳಲ್ಲಿ ಪಾರ್ಟಿಗೆ ಬರುವ ಹುಡುಗರ ಗುಂಪು ಜಾಸ್ತಿ. ವಾರದ ನಡುವೆ ಹೊರಡುವುದನ್ನು ಆರಿಸಿದರೆ ಮನೆಮಂದಿಯೇ ಹೆಚ್ಚು, ದರವೂ ಸಾಮಾನ್ಯವಾಗಿ ಇಳಿದಿರುತ್ತದೆ. ಸಸ್ಯಾಹಾರಕ್ಕೆ ಇಲ್ಲಿನ ಹಡಗಿನಲ್ಲಿ ಚಿಂತೆ ಇಲ್ಲ, ಜೈನ ಊಟವೂ ಸಿಗುತ್ತದೆ. ಮನೆಯಲ್ಲಿ ಮಾಡಿದ ತಿಂಡಿ ಒಯ್ಯಲು ಬಿಡುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬ ಗೇಟಲ್ಲೇ ಉಳಿಯುತ್ತದೆ. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ ಕೂಡ ತೆಗೆದಿಟ್ಟುಕೊಳ್ಳುತ್ತಾರೆ.

ಅಮ್ಮನಿಗೆ ವ್ಹೀಲ್‌ಚೇರ್ ಬೇಕು ಅಂತ ಬುಕಿಂಗ್ ಮಾಡುವಾಗಲೇ ಬರೆಸಿ, ಬಂದರಿಗೆ ಹೋಗಿ ಕೇಳಬೇಡಿ. 'ನಡೆಯುತ್ತೇನೆ ಬಿಡು' ಅಂತ ಅವರು ಹೇಳಬಹುದು. ಮುಂಬೈಯಲ್ಲಿ ಸಮುದ್ರದ ಭರತ-ಇಳಿತ ನಮ್ಮ ಕಾರವಾರಕ್ಕಿಂತ ಬಹಳ ಜಾಸ್ತಿ. ನೀರು ಏರಿದಾಗ ಹಡಗೂ ಏರುತ್ತದೆ, ಹತ್ತುವ ಸೇತುವೆಯ ಇಳಿಜಾರು ಗಂಟೆಗೊಂದು ತರಹ. ಬೆಳಿಗ್ಗೆ ಸಪಾಟಾಗಿದ್ದದ್ದು ಮಧ್ಯಾಹ್ನ ಕಡಿದಾಗಿರುತ್ತದೆ. ಅದಕ್ಕೂ ಮೊದಲು ಸೆಕ್ಯುರಿಟಿ, ಚೆಕ್-ಇನ್ ಸಾಲುಗಳಿವೆ. ದೊಡ್ಡ ಬ್ಯಾಗನ್ನು ಟರ್ಮಿನಲ್‌ನಲ್ಲೇ ಕೊಟ್ಟುಬಿಡುತ್ತೀರಿ, ಅದು ಕೋಣೆಗೆ ಬರುವುದು ಗಂಟೆಗಟ್ಟಲೆ ಆದ ಮೇಲೆ. ಕೊನೆಯ ರಾತ್ರಿಯೂ ಅಷ್ಟೇ, ಬ್ಯಾಗನ್ನು ಬಾಗಿಲ ಹೊರಗೆ ಇಟ್ಟರೆ ಮತ್ತೆ ಸಿಗುವುದು ದಡದಲ್ಲಿ. ಬಿಪಿ ಮಾತ್ರೆ ಸೂಟ್‌ಕೇಸಿನಲ್ಲಿ ಹೋಯಿತು ಅಂತ ರಾತ್ರಿ ಹನ್ನೊಂದಕ್ಕೆ ರಿಸೆಪ್ಷನ್‌ಗೆ ಬರುವವರು ಪ್ರತಿ ಪ್ರಯಾಣದಲ್ಲೂ ಇರುತ್ತಾರೆ. ಮಾತ್ರೆ, ಮಕ್ಕಳ ಒಂದು ಜೊತೆ ಬಟ್ಟೆ, ಗುರುತಿನ ಚೀಟಿಗಳು ಕೈಚೀಲದಲ್ಲಿರಲಿ.

ದುಡ್ಡು ಕಟ್ಟುವ ಮೊದಲು ಏಜೆಂಟರಿಗೆ, ನಾನಾದರೂ ಸರಿ, ಇಷ್ಟು ಕೇಳಿ. ತೋರಿಸಿದ ದರದಲ್ಲಿ ಜಿಎಸ್‌ಟಿ, ಬಂದರು ಶುಲ್ಕ, ಸೇವಾ ಶುಲ್ಕ ಸೇರಿದೆಯಾ? ಹಡಗು ಒಂದು ಬಂದರಿಗೆ ಬರದೆ ಮುಂದೆ ಹೋದರೆ ಯಾವುದಕ್ಕೆ ದುಡ್ಡು ವಾಪಸ್? ಕೋಣೆ ನಂಬರ್ ಈಗಲೇ ಸಿಗುತ್ತದಾ, ಅಥವಾ ಹತ್ತುವ ದಿನವಾ? ಎರಡು ಕೋಣೆ ತೆಗೆದರೆ ಅಕ್ಕಪಕ್ಕ ಕೊಡುತ್ತಾರಾ? ಕೊನೆಯದಕ್ಕೆ 'ಪ್ರಯತ್ನ ಮಾಡೋಣ' ಅಂದರೆ ಸಿಗುವುದಿಲ್ಲ ಅಂತಲೇ ಲೆಕ್ಕ. ಬರೆದುಕೊಡಲಿ.

ಮುಂಬೈಯಿಂದ ಮುಂಬೈಗೆ, ನಡುವೆ ವಿದೇಶದ ಬಂದರು ಇಲ್ಲದ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬೇಡ. ದೊಡ್ಡವರಿಗೆ ಆಧಾರ್ ಅಥವಾ ವೋಟರ್ ಕಾರ್ಡ್ ಸಾಕು, ಮಕ್ಕಳಿಗೆ ಆಧಾರ್ ಇಲ್ಲದಿದ್ದರೆ ಜನನ ಪ್ರಮಾಣಪತ್ರ. ಮೂಲ ಪ್ರತಿ ತನ್ನಿ, ಮೊಬೈಲಿನಲ್ಲಿ ತೆಗೆದ ಫೋಟೋ ಅಲ್ಲ. ಮುಂದೆ ಸಿಂಗಾಪುರ ಮನಸ್ಸಿನಲ್ಲಿದ್ದರೆ ಹಿರಿಯರ ಪಾಸ್‌ಪೋರ್ಟ್ ಈಗಲೇ ಮಾಡಿಸಿ, ಅದು ಹತ್ತು ವರ್ಷ ಬರುತ್ತದೆ. ಮಕ್ಕಳದ್ದು ಐದೇ ವರ್ಷ, ಅದಕ್ಕೆ ಅಪ್ಪ-ಅಮ್ಮ ಇಬ್ಬರ ಸಹಿಯೂ ಬೇಕು. ಅದನ್ನು ಹೊರಡುವ ವರ್ಷವೇ ಮಾಡಿಸಿದರೆ ಸಾಕು.